ಓದುಗರ ಪ್ರಶ್ನೆ: ಕುದುರೆಗಾಡಿಯಿಂದ ದಿವಾಳಿ ಕೋರ್ಟಿನವರೆಗೆ, ಜನರಲ್ ಮೋಟರ್ಸ್ ಕಥೆ

ಹೋದ ಸಂಚಿಕೆಯಲ್ಲಿ ಫೋರ್ಡ್ ಬಗ್ಗೆ ಬಂದಿದ್ದ ಪ್ರಶ್ನೆಗೆ ಉತ್ತರ ಬರೆಯುವಾಗ, ‘ಜನರಲ್ ಮೋಟರ್ಸ್‌ನಂಥ ಕಂಪನಿಯೂ 2009ರಲ್ಲಿ ದಿವಾಳಿ ಅರ್ಜಿ ಹಾಕಿತು’ ಎಂದು ಒಂದೇ ಒಂದು ಸಾಲು ಬರೆದಿದ್ದೆ. ಇಡೀ ಉತ್ತರಕ್ಕಿಂತ ಆ ಒಂದು ಸಾಲಿಗೇ ಪ್ರಶ್ನೆಗಳು ಜಾಸ್ತಿ ಬಂದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಜನರಲ್ ಮೋಟರ್ಸ್‌ಗೇ, ಚಿಕ್ಕದಾಗಿ ಜಿಎಂಗೇ, ಬಿಟ್ಟುಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿಕೊಂಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಷೆವರ್ಲೆ ನೋಡಿದ್ದೇನೆ, ಚಿತ್ರಗಳಲ್ಲಿ ಕ್ಯಾಡಿಲಾಕ್ ನೋಡಿದ್ದೇನೆ. ‘ಜನರಲ್ ಮೋಟರ್ಸ್’ ಅಂತ ಹೆಸರಿರುವ ಕಾರು ಮಾತ್ರ ಎಲ್ಲೂ ಕಂಡಿಲ್ಲ. ಇದು ಎಂಥ ಕಂಪನಿ? ಶುರು ಮಾಡಿದ್ದು ಯಾರು?

ಉತ್ತರ: ಈ ಕಂಪನಿ ಹುಟ್ಟಿದ್ದೇ ಹಾಗೆ. ಹೆನ್ರಿ ಫೋರ್ಡ್ ಕಂಪನಿ ಕಟ್ಟಿದ್ದು ಕಾರು ಮಾಡಲು. ಜನರಲ್ ಮೋಟರ್ಸ್ ಹುಟ್ಟಿದ್ದು ಕಾರು ಮಾಡುವ ಕಂಪನಿಗಳನ್ನು ಕೊಂಡು ಒಂದೇ ಸೂರಿನಡಿ ತರಲು.

ಕಟ್ಟಿದವರು ವಿಲಿಯಂ ಡ್ಯುರಾಂಟ್. ಎಲ್ಲರ ಬಾಯಲ್ಲೂ ಬಿಲ್ಲಿ. ಬೆಳೆದದ್ದು ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಊರಿನಲ್ಲಿ. 1886ರಲ್ಲಿ ಅವರು ಇನ್ಶೂರೆನ್ಸ್ ಮಾರುತ್ತಿದ್ದ ಹುಡುಗ. ಒಂದು ದಿನ ಸ್ನೇಹಿತರ ಎರಡು ಚಕ್ರದ ಕುದುರೆಗಾಡಿ ಹತ್ತಿದರು. ಗಾಡಿ ಅಷ್ಟಾಗಿ ಕುಲುಕಲಿಲ್ಲ. ಇದನ್ನು ಮಾಡಿದ್ದು ಎಲ್ಲಿ ಎಂದು ವಿಚಾರಿಸಿಕೊಂಡು ಕೋಲ್ಡ್‌ವಾಟರ್ ಎಂಬ ಊರಿಗೆ ಹೋದರು, ಗಾಡಿ ಕೊಳ್ಳಲಿಲ್ಲ, ಗಾಡಿ ಮಾಡುತ್ತಿದ್ದ ಕಂಪನಿಯನ್ನೇ 1,500 ಡಾಲರಿಗೆ ಕೊಂಡು ಬಂದರು. ಆ ದುಡ್ಡೂ ಸಾಲದ್ದೇ. ಮುಂದಿನ ಹದಿನೈದು ವರ್ಷದಲ್ಲಿ ಅವರ ಡ್ಯುರಾಂಟ್-ಡಾರ್ಟ್ ಕಂಪನಿ ಅಮೆರಿಕದ ಅತಿ ದೊಡ್ಡ ಕುದುರೆಗಾಡಿ ತಯಾರಕರಲ್ಲಿ ಒಂದಾಯಿತು.

1904ರಲ್ಲಿ, ಕುಂಟುತ್ತಿದ್ದ ಬ್ಯೂಕ್ ಎಂಬ ಕಾರು ಕಂಪನಿ ಅವರ ಕೈಗೆ ಬಂತು. 1908ರ ಸೆಪ್ಟೆಂಬರ್ 16ರಂದು ಜನರಲ್ ಮೋಟರ್ಸ್ ನೋಂದಣಿಯಾಯಿತು. ಆಮೇಲೆ ಡ್ಯುರಾಂಟ್ ಕೈ ನಿಲ್ಲಲೇ ಇಲ್ಲ. ಓಲ್ಡ್ಸ್‌ಮೊಬೀಲ್, ಓಕ್‌ಲ್ಯಾಂಡ್, ಕ್ಯಾಡಿಲಾಕ್, ಬಿಡಿಭಾಗ ಮಾಡುವವರು, ದೀಪ ಮಾಡುವವರು, ಸಿಕ್ಕಿದ್ದನ್ನೆಲ್ಲ ಕೊಂಡರು. ಫೋರ್ಡ್ ಕಂಪನಿಯನ್ನೂ ಕೊಳ್ಳಲು ಹೋದರು. ಹೆನ್ರಿ ಫೋರ್ಡ್ ನಗದು ಕೇಳಿದರು, ಬ್ಯಾಂಕಿನವರು ಕೊಡಲಿಲ್ಲ, ಮಾತು ಮುರಿಯಿತು. 1910ರ ಹೊತ್ತಿಗೆ ಸಾಲ ಕುತ್ತಿಗೆಗೆ ಬಂತು. ಹೊಸ ಸಾಲ ಕೊಟ್ಟ ಬ್ಯಾಂಕಿನವರು ಡ್ಯುರಾಂಟ್ ಕೈಯಿಂದ ಆಡಳಿತ ಕಿತ್ತುಕೊಂಡರು.

ಅವರು ಸುಮ್ನೆ ಕೂರಲಿಲ್ಲ. ಮಾರನೇ ವರ್ಷವೇ ಷೆವರ್ಲೆ ಕಂಪನಿ ಶುರು ಮಾಡಿದರು, ಅದರ ಷೇರುಗಳನ್ನು ಕೊಟ್ಟು ಜಿಎಂ ಷೇರು ಕೂಡಿಸಿಕೊಳ್ಳುತ್ತಾ ಹೋದರು, 1916ರಲ್ಲಿ ತಮ್ಮನ್ನು ಹೊರಗೆ ಹಾಕಿದ ಕಂಪನಿಗೇ ಮತ್ತೆ ಯಜಮಾನರಾಗಿ ವಾಪಸ್ ಬಂದರು. ನನಗೆ ಈ ಭಾಗ ಓದಿದಾಗಲೆಲ್ಲ ಮೈ ಜುಂ ಎನ್ನುತ್ತದೆ. ಆದರೆ 1920ರಲ್ಲಿ ಷೇರು ಬೆಲೆ ಬಿದ್ದಾಗ, ಅದನ್ನು ಎತ್ತಿಹಿಡಿಯಲು ಸಾಲ ಮಾಡಿ ತಾವೇ ಷೇರು ಕೊಳ್ಳತೊಡಗಿದರು. ರಾಸಾಯನಿಕ ಕಂಪನಿ ನಡೆಸುತ್ತಿದ್ದ ಡ್ಯುಪಾಂಟ್ ಕುಟುಂಬ ಮತ್ತು ಮಾರ್ಗನ್ ಬ್ಯಾಂಕು ಸಾಲ ತೀರಿಸಿ ಅವರನ್ನು ಎರಡನೇ ಸಲ, ಶಾಶ್ವತವಾಗಿ, ಆಚೆ ಕಳಿಸಿದವು. 1936ರಲ್ಲಿ ಡ್ಯುರಾಂಟ್ ವೈಯಕ್ತಿಕವಾಗಿ ದಿವಾಳಿಯಾದರು. ಕೊನೆಗಾಲದಲ್ಲಿ ಅದೇ ಫ್ಲಿಂಟ್‌ನಲ್ಲಿ ಬೌಲಿಂಗ್ ಆಡುವ ಜಾಗವೊಂದನ್ನು ನಡೆಸಿದರು. 1947ರಲ್ಲಿ ತೀರಿಕೊಂಡರು.

ಪ್ರಶ್ನೆ: ಷೆವರ್ಲೆ ಎನ್ನುವುದು ವ್ಯಕ್ತಿಯ ಹೆಸರಾ?

ಉತ್ತರ: ಹೌದು. ಲೂಯಿ ಷೆವರ್ಲೆ, ಸ್ವಿಟ್ಜರ್ಲೆಂಡ್‌ನಲ್ಲಿ ಹುಟ್ಟಿದ ರೇಸ್ ಚಾಲಕ. ಡ್ಯುರಾಂಟ್ ಜೊತೆ ಸೇರಿ 1911ರಲ್ಲಿ ಕಂಪನಿ ಶುರು ಮಾಡಿದರು. ಅವರಿಗೆ ದೊಡ್ಡ, ವೇಗದ ಕಾರು ಬೇಕಿತ್ತು. ಡ್ಯುರಾಂಟ್‌ಗೆ ಫೋರ್ಡ್ ಜೊತೆ ಸೆಣಸುವ ಅಗ್ಗದ ಕಾರು ಬೇಕಿತ್ತು. ಜಗಳವಾಗಿ ಎರಡು ಮೂರು ವರ್ಷದೊಳಗೆ ಹೊರಟುಹೋದರು, ಹೆಸರನ್ನು ಮಾತ್ರ ಅಲ್ಲೇ ಬಿಟ್ಟು. ಆಮೇಲೆ ಕಷ್ಟದ ದಿನಗಳಲ್ಲಿ ತಮ್ಮದೇ ಹೆಸರು ಹೊತ್ತ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಆಗಿ ದುಡಿದರು.

ಪ್ರಶ್ನೆ: ಅಷ್ಟು ದೊಡ್ಡ ಫೋರ್ಡ್ ಕಂಪನಿಯನ್ನು ಜಿಎಂ ಹಿಂದಿಕ್ಕಿದ್ದು ಹೇಗೆ? ಫೋರ್ಡ್ ಕಾರು ಅಗ್ಗವಾಗಿತ್ತಲ್ಲ?

ಉತ್ತರ: ಅಗ್ಗವಾಗಿತ್ತು, ಗಟ್ಟಿಯಾಗಿಯೂ ಇತ್ತು. 1921ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಹೊಸ ವಾಹನಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫೋರ್ಡ್‌ನವು, ಷೆವರ್ಲೆ ಪಾಲು ನೂರಕ್ಕೆ ನಾಲ್ಕರ ಆಸುಪಾಸು. ಬೆಲೆಯಲ್ಲಿ ಫೋರ್ಡ್‌ಗೆ ಎದುರು ನಿಲ್ಲಲು ಆಗುವುದಿಲ್ಲ ಎಂದು ಆಲ್‌ಫ್ರೆಡ್ ಸ್ಲೋನ್ ಅವರಿಗೆ ಗೊತ್ತಿತ್ತು. ಸ್ಲೋನ್ 1923ರಲ್ಲಿ ಜಿಎಂ ಅಧ್ಯಕ್ಷರಾದವರು. ಮೂಲತಃ ಬೇರಿಂಗ್ ಕಂಪನಿ ನಡೆಸಿದ ಇಂಜಿನಿಯರ್. ಲೆಕ್ಕದ ಮನುಷ್ಯ, ಡ್ಯುರಾಂಟ್‌ಗೆ ಪೂರ್ತಿ ಉಲ್ಟಾ ಸ್ವಭಾವ.

ಅವರು ಡ್ಯುರಾಂಟ್ ಗುಡ್ಡೆ ಹಾಕಿ ಹೋಗಿದ್ದ ಕಂಪನಿಗಳನ್ನು ಏಣಿಯ ಮೆಟ್ಟಿಲುಗಳ ಹಾಗೆ ಜೋಡಿಸಿದರು. ಮೊದಲ ಕಾರು ಕೊಳ್ಳುವವರಿಗೆ ಷೆವರ್ಲೆ. ಸಂಬಳ ಏರಿತಾ, ಓಕ್‌ಲ್ಯಾಂಡ್‌ನಿಂದ ಹುಟ್ಟಿದ ಪಾಂಟಿಯಾಕ್. ಆಮೇಲೆ ಓಲ್ಡ್ಸ್‌ಮೊಬೀಲ್, ಅದರ ಮೇಲೆ ಬ್ಯೂಕ್, ತುದಿಯಲ್ಲಿ ಕ್ಯಾಡಿಲಾಕ್. ಮನುಷ್ಯ ಜೀವನದಲ್ಲಿ ಮೇಲೆ ಬರುತ್ತಾ ಹೋದಂತೆ ಕಾರು ಬದಲಾಗಬೇಕು, ಕಂಪನಿ ಬದಲಾಗಬಾರದು. ಜೊತೆಗೆ ಕಂತಿನ ಸಾಲ ಕೊಡಲು 1919ರಲ್ಲೇ ಜಿಎಂ ತನ್ನದೇ ಹಣಕಾಸು ಸಂಸ್ಥೆ ತೆರೆದಿತ್ತು. ಹೆನ್ರಿ ಫೋರ್ಡ್‌ಗೆ ಸಾಲದಲ್ಲಿ ಮಾರುವುದೆಂದರೆ ಆಗುತ್ತಿರಲಿಲ್ಲ. ಹಳೆಯ ಕಾರು ಕೊಟ್ಟು, ಉಳಿದಿದ್ದಕ್ಕೆ ಕಂತು ಕಟ್ಟಿ ಹೊಸದು ತೆಗೆದುಕೊಂಡು ಹೋಗುವ ಪದ್ಧತಿ ಅಲ್ಲಿ ಬೇರು ಬಿಟ್ಟಿದ್ದು ಆ ದಿನಗಳಲ್ಲೇ.

ಇನ್ನೊಂದು ವಿಷಯ ಬಣ್ಣ. ಇದನ್ನು ಜನ ಅಷ್ಟಾಗಿ ಹೇಳುವುದಿಲ್ಲ, ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಆಗಿನ ಕಾರುಗಳಿಗೆ ಬಳಿಯುತ್ತಿದ್ದ ಬಣ್ಣ ಒಣಗಲು ವಾರಗಟ್ಟಲೆ ಬೇಕಿತ್ತು. ಕೋಟ್ ಮೇಲೆ ಕೋಟ್ ಬಳಿದ ಬಾಡಿಗಳು ದೊಡ್ಡ ದೊಡ್ಡ ಶೆಡ್ಡುಗಳಲ್ಲಿ ಸಾಲಾಗಿ ನಿಂತು ಒಣಗಬೇಕು. ಬೇಗ ಒಣಗುತ್ತಿದ್ದದ್ದು ಕಪ್ಪು ಎನಾಮಲ್, ಫೋರ್ಡ್ 1914ರಿಂದ 1925ರವರೆಗೆ ಕಪ್ಪು ಒಂದನ್ನೇ ಹಿಡಿದು ಕೂತಿತ್ತು. ಡ್ಯುಪಾಂಟ್ ಜೊತೆ ಸೇರಿ ಜಿಎಂ ‘ಡ್ಯೂಕೋ’ ಎಂಬ ಲ್ಯಾಕರ್ ತಯಾರಿಸಿತು. ಗನ್ನಿನಲ್ಲಿ ಸಿಂಪಡಿಸಿದರೆ ಸಾಕು, ವಾರಗಳ ಕೆಲಸ ಗಂಟೆಗಳಿಗೆ ಇಳಿಯಿತು. 1924ರ ಮಾಡೆಲ್‌ನ ಓಕ್‌ಲ್ಯಾಂಡ್ ಕಾರು ನೀಲಿ ಬಣ್ಣದಲ್ಲಿ ಬಂತು. ಮಧ್ಯಮ ಬೆಲೆಯ ಕಾರು, ಬಣ್ಣದಲ್ಲಿ! 1927ರಲ್ಲಿ ಹಾರ್ಲಿ ಅರ್ಲ್ ಎಂಬ ವಿನ್ಯಾಸಗಾರರನ್ನು ಕರೆತಂದು ಕಾರಿನ ಅಂದಕ್ಕೆಂದೇ ಒಂದು ವಿಭಾಗ ತೆರೆದರು. ಅದೇ ವರ್ಷ ಹೆನ್ರಿ ಫೋರ್ಡ್ ತಮ್ಮ ಪ್ರೀತಿಯ ಮಾಡೆಲ್ ಟಿ ನಿಲ್ಲಿಸಬೇಕಾಯಿತು. 1931ರ ಹೊತ್ತಿಗೆ ಜಿಎಂ ಮೊದಲ ಸ್ಥಾನದಲ್ಲಿ ಗಟ್ಟಿಯಾಗಿ ಕೂತಿತ್ತು.

ಪ್ರಶ್ನೆ: ಕಂಪನಿ ಕಟ್ಟಿದವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ಕಾರು ಮಾಡಿದ ಕೆಲಸಗಾರರ ಬಗ್ಗೆ ಸ್ವಲ್ಪ ಹೇಳುತ್ತೀರಾ?

ಉತ್ತರ: ಈ ಪ್ರಶ್ನೆ ಬಾರದಿದ್ದರೆ ನಾನೇ ಸೇರಿಸಿಕೊಳ್ಳುತ್ತಿದ್ದೆ.

1936ರ ಡಿಸೆಂಬರ್ 30ರಂದು ಫ್ಲಿಂಟ್‌ನಲ್ಲಿ ಜಿಎಂಗೆ ಸೇರಿದ ಫಿಷರ್ ಬಾಡಿ ಕಾರ್ಖಾನೆಗಳಲ್ಲಿ ಕೆಲಸಗಾರರು ಮೆಷೀನು ನಿಲ್ಲಿಸಿ ಅಲ್ಲೇ ಕೂತುಬಿಟ್ಟರು. ಗೇಟಿನ ಆಚೆ ನಿಂತು ಮುಷ್ಕರ ಮಾಡಿದರೆ ಕಂಪನಿ ಬೇರೆಯವರನ್ನು ಒಳಗೆ ಬಿಟ್ಟು ಲೈನ್ ಓಡಿಸುತ್ತದೆ. ಒಳಗೇ ಕೂತರೆ? ಲೈನ್ ಓಡಿಸುವ ಹಾಗಿಲ್ಲ, ಬಲವಂತವಾಗಿ ಎಬ್ಬಿಸಲು ಹೋದರೆ ಕೋಟಿಗಟ್ಟಲೆ ಬೆಲೆಯ ಯಂತ್ರಗಳಿಗೆ ಏಟು. ಅವರ ದೂರು ಕೂಲಿಗಿಂತ ಜಾಸ್ತಿ ಲೈನಿನ ವೇಗದ ಬಗ್ಗೆ ಇತ್ತು. ಫೋರ್‌ಮನ್ ಮನಸ್ಸು ಬಂದಂತೆ ಲೈನ್ ಜೋರು ಮಾಡುತ್ತಿದ್ದ, ಮನಸ್ಸು ಬಂದಂತೆ ಕೆಲಸದಿಂದ ತೆಗೆಯುತ್ತಿದ್ದ, ಕೇಳುವವರಿಲ್ಲ. ಯೂನಿಯನ್ ಸೇರಿದವರ ಮೇಲೆ ಕಂಪನಿ ಗೂಢಚಾರರನ್ನು ಬಿಟ್ಟಿತ್ತು.

ಒಳಗಿದ್ದವರು ಕಾರಿನ ಸೀಟುಗಳ ಮೇಲೆ ಮಲಗಿದರು. ಚಳಿಗಾಲದಲ್ಲಿ ಕಂಪನಿ ಹೀಟರ್ ಬಂದ್ ಮಾಡಿತು. ಜನವರಿ 11ರಂದು ಊಟ ಒಳಗೆ ಹೋಗುವುದನ್ನು ತಡೆದು, ಪೊಲೀಸರು ಅಶ್ರುವಾಯು ಹಾರಿಸಿದರು. ಒಳಗಿದ್ದವರು ಬೆಂಕಿ ಆರಿಸುವ ಪೈಪಿನಿಂದ ನೀರು ಹಾಯಿಸಿ, ಕಾರಿನ ಬಾಗಿಲಿನ ಕೀಲುಗಳನ್ನು ಎಸೆದು ಹಿಮ್ಮೆಟ್ಟಿಸಿದರು. ಹೆಂಗಸರು ಕೆಂಪು ಟೋಪಿ ಹಾಕಿಕೊಂಡು ತಮ್ಮದೇ ಪಡೆ ಕಟ್ಟಿಕೊಂಡು ಗೇಟಿನ ಮುಂದೆ ನಿಂತರು. ರಾಜ್ಯಪಾಲ ಫ್ರಾಂಕ್ ಮರ್ಫಿ ಸೈನಿಕ ಪಡೆ ಕರೆಸಿದರು, ಆದರೆ ಕೆಲಸಗಾರರ ಮೇಲೆ ನುಗ್ಗಿಸಲು ಒಪ್ಪಲಿಲ್ಲ. 44 ದಿನಗಳ ಮೇಲೆ, 1937ರ ಫೆಬ್ರುವರಿ 11ರಂದು, ಜಗತ್ತಿನ ಅತಿ ದೊಡ್ಡ ಕಾರು ಕಂಪನಿ ಕಾರು ಕೆಲಸಗಾರರ ಯುಎಡಬ್ಲ್ಯೂ ಯೂನಿಯನ್ ಅನ್ನು ಒಪ್ಪಿಕೊಂಡು ಸಹಿ ಹಾಕಿತು.

ಈ 44 ದಿನಗಳನ್ನು ನೆನಪಿಡಿ. ಕೆಳಗಿನವರ ಮಾತು ಮೇಲೆ ಕೇಳಿಸುವುದಿಲ್ಲ ಎನ್ನುವ ತೊಂದರೆ ಈ ಕಂಪನಿಗೆ ಮತ್ತೆ ಮತ್ತೆ ಬರುತ್ತದೆ. ನನ್ನ ಪ್ರಕಾರ ಜಿಎಂ ಕಥೆಯ ಬೆನ್ನೆಲುಬೇ ಅದು.

ಪ್ರಶ್ನೆ: ‘ಜಿಎಂಗೆ ಒಳ್ಳೆಯದಾದರೆ ದೇಶಕ್ಕೆ ಒಳ್ಳೆಯದು’ ಎಂದು ಅದರ ಮುಖ್ಯಸ್ಥರು ಹೇಳಿದ್ದರಂತೆ, ನಿಜವಾ?

ಉತ್ತರ: ಪೂರ್ತಿ ಹಾಗಲ್ಲ. 1953ರಲ್ಲಿ ಜಿಎಂ ಅಧ್ಯಕ್ಷರಾಗಿದ್ದ ಚಾರ್ಲ್ಸ್ ವಿಲ್ಸನ್ ಅವರನ್ನು ರಕ್ಷಣಾ ಸಚಿವರನ್ನಾಗಿ ಮಾಡುವ ಮುಂಚೆ ಸೆನೆಟ್ ಸಮಿತಿ ಪ್ರಶ್ನೆ ಕೇಳಿತು. ದೇಶದ ಹಿತಕ್ಕಾಗಿ ಜಿಎಂಗೆ ನಷ್ಟವಾಗುವ ತೀರ್ಮಾನ ತೆಗೆದುಕೊಳ್ಳುತ್ತೀರಾ ಎಂದು. ತೆಗೆದುಕೊಳ್ಳುತ್ತೇನೆ ಎಂದರು. ಆಮೇಲೆ, ದೇಶಕ್ಕೆ ಒಳ್ಳೆಯದಾದದ್ದು ಜಿಎಂಗೂ ಒಳ್ಳೆಯದು, ಹಾಗೆಯೇ ಜಿಎಂಗೆ ಒಳ್ಳೆಯದಾದದ್ದು ದೇಶಕ್ಕೂ ಎಂದು ಬಹಳ ಕಾಲದಿಂದ ಅಂದುಕೊಂಡಿದ್ದೆ ಎಂಬರ್ಥದ ಮಾತು ಸೇರಿಸಿದರು. ಜನರ ಬಾಯಲ್ಲಿ ಅರ್ಧ ಮಾತ್ರ ಉಳಿಯಿತು.

ಆದರೆ ಆ ಅರ್ಧ ಉಳಿಯಲೂ ಕಾರಣವಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಾರು ನಿಲ್ಲಿಸಿ 1,200 ಕೋಟಿ ಡಾಲರಿಗೂ ಜಾಸ್ತಿ ಬೆಲೆಯ ಯುದ್ಧ ಸಾಮಗ್ರಿ ಮಾಡಿಕೊಟ್ಟ ಕಂಪನಿ ಅದು. 1955ರಲ್ಲಿ ಒಂದೇ ವರ್ಷದಲ್ಲಿ 100 ಕೋಟಿ ಡಾಲರ್ ಲಾಭ ದಾಟಿದ ಮೊದಲ ಅಮೆರಿಕನ್ ಕಂಪನಿಯಾಯಿತು. 1960ರ ದಶಕದ ಶುರುವಿನಲ್ಲಿ ಅಲ್ಲಿ ಮಾರಾಟವಾಗುತ್ತಿದ್ದ ಎರಡು ಕಾರುಗಳಲ್ಲಿ ಒಂದು ಜಿಎಂನದು. ಕಾರು ಸುರಕ್ಷಿತವಲ್ಲ ಎಂದು ಬರೆದ ರಾಲ್ಫ್ ನೇಡರ್ ಎಂಬ ವಕೀಲರ ಹಿಂದೆ ಕಂಪನಿ ಪತ್ತೇದಾರರನ್ನು ಬಿಟ್ಟಿತ್ತು. 1966ರಲ್ಲಿ ಅದರ ಅಧ್ಯಕ್ಷರು ಸೆನೆಟ್ ಮುಂದೆ ಬಂದು ಕ್ಷಮೆ ಕೇಳಬೇಕಾಯಿತು.

ಪ್ರಶ್ನೆ: ಜಪಾನಿನ ಕಾರುಗಳು ಬಂದು ಜಿಎಂ ಸೋತಿತು ಎನ್ನುತ್ತಾರೆ. ಜಪಾನಿನವರ ಹತ್ತಿರ ಇದ್ದು ಇವರ ಹತ್ತಿರ ಇಲ್ಲದ್ದು ಏನು? ಕೂಲಿ ಕಡಿಮೆ ಅಂತಲಾ, ರೋಬೋಟ್ ಅಂತಲಾ?

ಉತ್ತರ: ಎರಡೂ ಅಲ್ಲ. ಒಂದು ಹಗ್ಗ ಇತ್ತು.

ಮೊದಲು ಹಿನ್ನೆಲೆ. 1973ರಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಪೆಟ್ರೋಲ್ ದುಬಾರಿಯಾಯಿತು, ಸಣ್ಣ ಕಾರು ಬೇಕಾಯಿತು. ಜಿಎಂ ಮಾಡುತ್ತಿದ್ದ ಸಣ್ಣ ಕಾರುಗಳು ಚೆನ್ನಾಗಿರಲಿಲ್ಲ. ವೇಗಾ ಎಂಬ ಷೆವರ್ಲೆ ತುಕ್ಕಿಗೂ ಇಂಜಿನ್ ತೊಂದರೆಗೂ ಹೆಸರಾಯಿತು. 1979ರಲ್ಲಿ ಅಮೆರಿಕದಲ್ಲೇ ಸುಮಾರು 6,18,000 ಜನ ಜಿಎಂ ಕೆಲಸದಲ್ಲಿದ್ದರು, ಅದೇ ತುತ್ತತುದಿ. ಮಾರನೇ ವರ್ಷ 76 ಕೋಟಿ ಡಾಲರ್ ನಷ್ಟ. 1921ರ ನಂತರ ನಷ್ಟ ಕಂಡದ್ದು ಅದೇ ಮೊದಲು.

ಈಗ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರ್ಖಾನೆಗೆ ಬನ್ನಿ. ಜಿಎಂನ ಅತ್ಯಂತ ಕೆಟ್ಟ ಕಾರ್ಖಾನೆಗಳಲ್ಲಿ ಒಂದು ಎಂದು ಅದಕ್ಕೆ ಹೆಸರು. ದಿನಾ ಐದರಲ್ಲಿ ಒಬ್ಬರು ಕೆಲಸಕ್ಕೇ ಬರುತ್ತಿರಲಿಲ್ಲ. ಕೆಲಸದ ಹೊತ್ತಿನಲ್ಲೇ ಕುಡಿಯುತ್ತಿದ್ದರು. ಅಲ್ಲಿದ್ದ ಒಂದೇ ಕಟ್ಟಳೆ, ಲೈನ್ ನಿಲ್ಲಬಾರದು. ಬೋಲ್ಟ್ ಬಿಟ್ಟುಹೋದರೂ, ಒಂದು ಕಾರಿನ ಮುಂಭಾಗಕ್ಕೆ ಇನ್ನೊಂದು ಮಾಡೆಲ್‌ನ ಭಾಗ ಕೂತರೂ ಲೈನ್ ಮುಂದಕ್ಕೆ. ಕೆಟ್ಟ ಕಾರುಗಳು ಹೊರಗಿನ ಅಂಗಳದಲ್ಲಿ ಜಮಾ ಆಗುತ್ತಿದ್ದವು, ಅಲ್ಲಿ ಬಿಚ್ಚಿ ಸರಿ ಮಾಡುವುದು. 1982ರಲ್ಲಿ ಜಿಎಂ ಅದನ್ನು ಮುಚ್ಚಿತು.

ಎರಡು ವರ್ಷದ ನಂತರ ಟೊಯೋಟಾ ಜೊತೆ ಪಾಲುದಾರಿಕೆಯಲ್ಲಿ ಅದೇ ಕಟ್ಟಡ ಮತ್ತೆ ತೆರೆಯಿತು, ನಮ್ಮಿ ಎಂಬ ಹೆಸರಿನಲ್ಲಿ. ಅದೇ ಯೂನಿಯನ್. ಕೆಲಸಗಾರರಲ್ಲಿ ಬಹುಪಾಲು ಅದೇ ಹಳಬರು. ಅವರಲ್ಲಿ ನೂರಾರು ಜನರನ್ನು ತಂಡತಂಡವಾಗಿ ಜಪಾನಿಗೆ ಕಳಿಸಿ, ಟೊಯೋಟಾ ಲೈನಿನಲ್ಲಿ ಅಲ್ಲಿಯ ಕೆಲಸಗಾರರ ಪಕ್ಕದಲ್ಲೇ ನಿಲ್ಲಿಸಿ ಕಲಿಸಿದರು. ವಾಪಸ್ ಬಂದಾಗ ಲೈನಿನ ಉದ್ದಕ್ಕೂ, ತಲೆಯ ಮೇಲೆ ಕೈಗೆ ಸಿಗುವ ಹಾಗೆ ಹಗ್ಗ ಕಟ್ಟಿತ್ತು. ಯಾರು ಬೇಕಾದರೂ ಎಳೆಯಬಹುದು. ಎಳೆದರೆ ಒಂದು ರಾಗ ಕೇಳುತ್ತದೆ, ಬೋರ್ಡಿನ ಮೇಲೆ ಆ ಜಾಗದ ನಂಬರ್ ಹೊತ್ತಿಕೊಳ್ಳುತ್ತದೆ, ಟೀಂ ಲೀಡರ್ ಓಡಿ ಬಂದು ಏನಾಯಿತು ಎಂದು ಕೇಳುತ್ತಾರೆ. ಯಾಕೆ ಎಳೆದೆ ಎಂದಲ್ಲ, ಏನಾಯಿತು ಎಂದು. ಆ ಕಾರು ಗುರುತಿನ ಗೆರೆ ದಾಟುವುದರೊಳಗೆ ಇಬ್ಬರೂ ಸೇರಿ ಸರಿ ಮಾಡಿದರೆ ಸರಿ, ಆಗದಿದ್ದರೆ ಇಡೀ ಲೈನ್ ನಿಲ್ಲುತ್ತದೆ.

ಹಿಂದೆ ಲೈನ್ ನಿಲ್ಲಿಸಿದರೆ ಕೆಲಸ ಹೋಗುತ್ತಿದ್ದ ಮನುಷ್ಯ, ಈಗ ಒಂದು ಬೋಲ್ಟಿಗಾಗಿ ಲೈನ್ ನಿಲ್ಲಿಸಬಹುದು! ಗೈರುಹಾಜರಿ ಕುಸಿಯಿತು. ಒಂದೆರಡು ವರ್ಷದಲ್ಲಿ ಆ ಕಾರ್ಖಾನೆಯ ಗುಣಮಟ್ಟ ಜಿಎಂನ ಉಳಿದ ಕಾರ್ಖಾನೆಗಳನ್ನೆಲ್ಲ ಮೀರಿಸಿತು. ಜನ ಅದೇ, ಊರು ಅದೇ, ಕಟ್ಟಡ ಅದೇ.

ಹಾಗಾದರೆ ಜಿಎಂ ಇದನ್ನು ಎಲ್ಲ ಕಡೆ ಯಾಕೆ ಮಾಡಲಿಲ್ಲ ಎಂದು ಕೇಳುತ್ತೀರಿ ಅಲ್ವಾ? ಹಗ್ಗ ಕಟ್ಟಿದರು. ಆದರೆ ಎಳೆದವರನ್ನು ಬೈಯುವ ಸೂಪರ್‌ವೈಸರ್ ಹಾಗೇ ಇದ್ದರು, ಇವತ್ತು ಎಷ್ಟು ಕಾರು ಎಂದು ಎಣಿಸುವ ಮ್ಯಾನೇಜರ್ ಹಾಗೇ ಇದ್ದರು, ಭಾಗ ಸರಿಯಿಲ್ಲ ಎಂದು ಕೆಳಗಿನಿಂದ ಹೇಳಿದರೆ ಡಿಸೈನ್ ಬದಲಿಸುವ ಇಂಜಿನಿಯರ್ ವಿಭಾಗ ಎಲ್ಲೋ ದೂರದಲ್ಲಿತ್ತು. ಆ ಕಾಲದ ಮುಖ್ಯಸ್ಥ ರೋಜರ್ ಸ್ಮಿತ್ ನಂಬಿದ್ದು ರೋಬೋಟ್‌ಗಳನ್ನು. ಕೋಟಿಗಟ್ಟಲೆ ಡಾಲರ್ ಸುರಿದರು. 1992ರಲ್ಲಿ, ಅವರು ನಿವೃತ್ತರಾದ ಎರಡು ವರ್ಷಕ್ಕೆ, ಕಂಪನಿ 2,350 ಕೋಟಿ ಡಾಲರ್ ನಷ್ಟ ತೋರಿಸಿತು. ಅದರಲ್ಲಿ ದೊಡ್ಡ ಪಾಲು ನಿವೃತ್ತರ ಆರೋಗ್ಯ ವೆಚ್ಚವನ್ನು ಲೆಕ್ಕಕ್ಕೆ ತಂದದ್ದರಿಂದ ಬಂದದ್ದು, ನಿಜ. ಆದರೂ ಕಾರಿನ ವ್ಯಾಪಾರವೂ ಕುಸಿದಿತ್ತು.

ಫ್ರೀಮಾಂಟ್ ಕಾರ್ಖಾನೆ 2010ರಲ್ಲಿ ಮುಚ್ಚಿತು. ಈಗ ಅಲ್ಲಿ ಟೆಸ್ಲಾ ಕಾರು ತಯಾರಾಗುತ್ತದೆ.

ಪ್ರಶ್ನೆ: ಟೆಸ್ಲಾಗಿಂತ ಮುಂಚೆಯೇ ಜಿಎಂ ಎಲೆಕ್ಟ್ರಿಕ್ ಕಾರು ಮಾಡಿ, ಆಮೇಲೆ ಎಲ್ಲವನ್ನೂ ಪುಡಿ ಮಾಡಿತಂತೆ?

ಉತ್ತರ: ನಿಜ. ಇವಿ1 ಅಂತ ಅದರ ಹೆಸರು. 1996ರಿಂದ 1999ರವರೆಗೆ 1,117 ಕಾರು ಮಾಡಿದರು. ಯಾರಿಗೂ ಮಾರಲಿಲ್ಲ, ಬಾಡಿಗೆ ಕರಾರಿನ ಮೇಲೆ ಮಾತ್ರ ಕೊಟ್ಟರು. ಓಡಿಸಿದವರಲ್ಲಿ ಹಲವರು ಅದನ್ನು ಮನೆಮಗುವಿನ ಹಾಗೆ ನೋಡಿಕೊಂಡರು, ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದು ಅಂಗಲಾಚಿದರು. ಕಂಪನಿ ಒಪ್ಪಲಿಲ್ಲ. ಕಾರುಗಳನ್ನು ವಾಪಸ್ ತೆಗೆದುಕೊಂಡು ಬಹುತೇಕ ಎಲ್ಲವನ್ನೂ ನುಜ್ಜುಗುಜ್ಜು ಮಾಡಿಸಿತು. ಕೆಲವು ಮಾತ್ರ ಮ್ಯೂಸಿಯಂ, ಕಾಲೇಜುಗಳಿಗೆ ಹೋದವು. ಬಿಡಿಭಾಗ ಒದಗಿಸುವುದು ಕಷ್ಟ, ಲಾಭವಿಲ್ಲ ಎಂಬುದು ಕಂಪನಿಯ ವಾದ. ಆ ವಾದದಲ್ಲಿ ಹುರುಳಿಲ್ಲ ಎನ್ನಲಾರೆ, ಆ ಕಾಲದ ಬ್ಯಾಟರಿ ಭಾರವಿತ್ತು, ದೂರ ಓಡುತ್ತಿರಲಿಲ್ಲ. ಆದರೆ ಹತ್ತು ವರ್ಷ ಕಲಿತ ಪಾಠವನ್ನು ಕಾರಿನ ಜೊತೆಗೇ ಪುಡಿ ಮಾಡಬಾರದಿತ್ತು. ಆಗಿನ ಮುಖ್ಯಸ್ಥ ರಿಕ್ ವ್ಯಾಗನರ್ ಕೂಡ ಇದು ತಮ್ಮ ಅತಿ ಕೆಟ್ಟ ತೀರ್ಮಾನ ಎಂದು 2006ರಲ್ಲಿ ಒಪ್ಪಿಕೊಂಡರು.

ಪ್ರಶ್ನೆ: 2009ರ ದಿವಾಳಿಗೆ ಯೂನಿಯನ್ ಕಾರಣ ಎಂದು ಒಬ್ಬರು, ಬ್ಯಾಂಕುಗಳ ಕುಸಿತ ಕಾರಣ ಎಂದು ಇನ್ನೊಬ್ಬರು ಹೇಳುತ್ತಾರೆ. ಸರ್ಕಾರ ಹಾಕಿದ ದುಡ್ಡು ವಾಪಸ್ ಬಂತಾ?

ಉತ್ತರ: ಬ್ಯಾಂಕುಗಳ ಕುಸಿತ ತಳ್ಳಿದ್ದು ನಿಜ, ಆದರೆ ಅಷ್ಟರಲ್ಲಿ ಜಿಎಂ ಅಂಚಿನಲ್ಲೇ ನಿಂತಿತ್ತು. 2005ರಲ್ಲೇ 1,000 ಕೋಟಿ ಡಾಲರಿಗೂ ಜಾಸ್ತಿ ನಷ್ಟವಾಗಿತ್ತು. ಮಾರುಕಟ್ಟೆಯ ಅರ್ಧ ಪಾಲಿದ್ದಾಗಿನ ಕಂಪನಿಯನ್ನು ಐದರಲ್ಲೊಂದು ಪಾಲಿನಲ್ಲಿ ನಡೆಸುತ್ತಿದ್ದರು. ಅಮೆರಿಕದಲ್ಲಿ ಎಂಟು ಬ್ರಾಂಡ್. ಸ್ಲೋನ್ ಕಟ್ಟಿದ ಏಣಿಯ ಮೆಟ್ಟಿಲುಗಳು ಒಂದರ ಮೇಲೊಂದು ಬಿದ್ದಿದ್ದವು. ಅದೇ ಕಾರಿಗೆ ಬೇರೆ ಬೇರೆ ಲಾಂಛನ ಅಂಟಿಸಿ ಷೆವರ್ಲೆ, ಪಾಂಟಿಯಾಕ್, ಬ್ಯೂಕ್ ಎಂದು ಮಾರಿದರೆ ಕೊಳ್ಳುವವರು ಯಾಕೆ ಮೇಲಿನ ಮೆಟ್ಟಿಲು ಹತ್ತುತ್ತಾರೆ? ಲಾಭ ಬರುತ್ತಿದ್ದದ್ದು ದೊಡ್ಡ ಟ್ರಕ್, ಎಸ್‌ಯುವಿಗಳಿಂದ. 2008ರಲ್ಲಿ ಪೆಟ್ರೋಲ್ ಬೆಲೆ ಹಾರಿದಾಗ ಅದೂ ನಿಂತಿತು.

ಯೂನಿಯನ್ ವಿಷಯಕ್ಕೆ ಬಂದರೆ, 1950ರ ಐದು ವರ್ಷದ ಒಪ್ಪಂದದಿಂದ ಪಿಂಚಣಿ, ಆರೋಗ್ಯ ವೆಚ್ಚ ಕಂಪನಿಯ ಹೆಗಲಿಗೆ ಬಂತು. ಆಗ ದುಡ್ಡಿತ್ತು, ಮುಷ್ಕರವಿಲ್ಲದೆ ಕಾರ್ಖಾನೆ ಓಡಬೇಕಿತ್ತು, ಕಂಪನಿ ಖುಷಿಯಿಂದಲೇ ಸಹಿ ಹಾಕಿತು. ಯೂನಿಯನ್ ನಾಯಕ ವಾಲ್ಟರ್ ರೂಥರ್ ಬಯಸಿದ್ದು ಸರ್ಕಾರವೇ ಎಲ್ಲರಿಗೂ ಆರೋಗ್ಯ ವಿಮೆ ಕೊಡಬೇಕೆಂದು. ಅದು ಆಗಲಿಲ್ಲ. ಐವತ್ತು ವರ್ಷದ ಮೇಲೆ ಪ್ರತಿ ಕಾರಿನ ಬೆಲೆಯಲ್ಲಿ ಸುಮಾರು 1,500 ಡಾಲರ್ ಬರೀ ಆರೋಗ್ಯ ವೆಚ್ಚಕ್ಕೆ ಹೋಗುತ್ತಿತ್ತು. ಕೆಲಸದಲ್ಲಿ ಇರುವವರಿಗಿಂತ ನಿವೃತ್ತರು ಎಷ್ಟೋ ಪಟ್ಟು ಜಾಸ್ತಿ. ಮೂವತ್ತು ವರ್ಷ ಲೈನಿನಲ್ಲಿ ನಿಂತು ಮೊಣಕಾಲು ಸವೆಸಿಕೊಂಡವರು ಮಾತು ಕೊಟ್ಟಿದ್ದನ್ನು ಕೇಳಿದರೆ ಅದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

2008ರ ನಷ್ಟ 3,090 ಕೋಟಿ ಡಾಲರ್. ಆ ವರ್ಷದ ನವೆಂಬರಿನಲ್ಲಿ ಸಹಾಯ ಕೇಳಲು ಜಿಎಂ, ಫೋರ್ಡ್, ಕ್ರೈಸ್ಲರ್ ಮೂರೂ ಕಾರು ಕಂಪನಿಗಳ ಮುಖ್ಯಸ್ಥರು ವಾಷಿಂಗ್ಟನ್ನಿಗೆ ಹೋದದ್ದು ಕಂಪನಿಯ ಖಾಸಗಿ ವಿಮಾನಗಳಲ್ಲಿ. ಕೆಲಸ ಕಳೆದುಕೊಳ್ಳುತ್ತಿದ್ದ ಜನ ಅದನ್ನು ಮರೆಯಲಿಲ್ಲ. 2009ರ ಜೂನ್ 1ರಂದು ನ್ಯೂಯಾರ್ಕ್‌ನಲ್ಲಿ ದಿವಾಳಿ ಅರ್ಜಿ. ಆಸ್ತಿ ಸುಮಾರು 8,200 ಕೋಟಿ ಡಾಲರ್, ಸಾಲ ಸುಮಾರು 17,200 ಕೋಟಿ. ನಲವತ್ತು ದಿನದಲ್ಲಿ, ಒಳ್ಳೆಯ ಭಾಗಗಳನ್ನೆಲ್ಲ ಹೊಸ ಕಂಪನಿಗೆ ವರ್ಗಾಯಿಸಿ ಹೊರಬಂದರು. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಮುಚ್ಚಿದವು, ಸಾಬ್ ಮಾರಾಟವಾಯಿತು. ಹಳೆಯ ಷೇರುದಾರರಿಗೆ ಏನೂ ಸಿಗಲಿಲ್ಲ. ಅಮೆರಿಕ ಸರ್ಕಾರ ಒಟ್ಟು 4,950 ಕೋಟಿ ಡಾಲರ್ ಹಾಕಿ ಶೇ 60ರಷ್ಟು ಒಡೆತನ ಪಡೆಯಿತು. 2013ರ ಡಿಸೆಂಬರಿನಲ್ಲಿ ಕೊನೆಯ ಷೇರು ಮಾರಿದಾಗ ವಾಪಸ್ ಬಂದಿದ್ದು ಸುಮಾರು 3,900 ಕೋಟಿ. ಉಳಿದದ್ದು ನಷ್ಟ. ಆದರೂ ಮುಳುಗಲು ಬಿಟ್ಟಿದ್ದರೆ ಬಿಡಿಭಾಗ ಮಾಡುವ ಸಾವಿರಾರು ಸಣ್ಣ ಕಂಪನಿಗಳೂ ಜೊತೆಗೆ ಹೋಗುತ್ತಿದ್ದವು, ಹಾಗಾಗಿ ಸರ್ಕಾರ ಮಾಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ವಿದ್ಯಾರ್ಥಿ. ಜಿಎಂ ಕೀಲಿ ಹಗರಣದ ಬಗ್ಗೆ ಕ್ಲಾಸಿನಲ್ಲಿ ಒಂದು ನಿಮಿಷ ಹೇಳಿ ಬಿಟ್ಟರು. ಒಂದು ಸ್ವಿಚ್‌ನಿಂದ ಅಷ್ಟು ಜನ ಸತ್ತದ್ದು ಹೇಗೆ?

ಉತ್ತರ: ನೀವು ಇದನ್ನು ಪೂರ್ತಿ ತಿಳಿದುಕೊಳ್ಳಲೇಬೇಕು.

ಕೀಲಿ ತಿರುಗಿಸಿದಾಗ ‘ಕಟಕ್’ ಎಂದು ಒಂದು ಜಾಗದಲ್ಲಿ ಕೂರುತ್ತದಲ್ಲ, ಅದಕ್ಕೆ ಕಾರಣ ಒಳಗಿರುವ ಚಿಕ್ಕ ಕಡ್ಡಿ ಮತ್ತು ಸ್ಪ್ರಿಂಗ್. ಕೋಬಾಲ್ಟ್, ಅಯಾನ್ ಮುಂತಾದ ಸಣ್ಣ ಕಾರುಗಳಲ್ಲಿ ಆ ಸ್ಪ್ರಿಂಗ್ ಹಿಡಿತ ಸಾಲದಾಗಿತ್ತು. ಬೀಗದ ಕೈ ಗೊಂಚಲು ಭಾರವಿದ್ದರೆ, ರಸ್ತೆ ಗುಂಡಿಯಲ್ಲಿ ಕಾರು ಕುಲುಕಿದರೆ, ಮೊಣಕಾಲು ತಾಗಿದರೆ, ಕೀಲಿ ಹಿಂದಕ್ಕೆ ಜಾರಿ ಓಡುತ್ತಿರುವ ಕಾರಿನ ಇಂಜಿನ್ನೇ ಆಫ್. ಪವರ್ ಸ್ಟೀರಿಂಗ್ ಹೋಯಿತು, ಬ್ರೇಕಿನ ಸಹಾಯ ಹೋಯಿತು. ಜೊತೆಗೆ ಏರ್‌ಬ್ಯಾಗ್‌ಗೆ ಕರೆಂಟ್ ಹೋಯಿತು. ಗುದ್ದಿದಾಗ ಅದು ತೆರೆದುಕೊಳ್ಳುವುದೇ ಇಲ್ಲ.

ಈ ಸ್ವಿಚ್‌ನ ಹಿಡಿತ ಇರಬೇಕಾದ್ದಕ್ಕಿಂತ ಕಡಿಮೆ ಇದೆ ಎಂದು ಕಂಪನಿಯೊಳಗೆ 2002ರಲ್ಲೇ ಗೊತ್ತಿತ್ತು. 2005ರಲ್ಲಿ ದೂರು ಬಂದಾಗ ಡೀಲರ್‌ಗಳಿಗೆ ಹೋದ ಸೂಚನೆ, ಗ್ರಾಹಕರಿಗೆ ಗೊಂಚಲಿನಿಂದ ಭಾರದ ವಸ್ತು ತೆಗೆಯಲು ಹೇಳಿ ಎಂದು. 2006ರಲ್ಲಿ ಕಡ್ಡಿಯನ್ನು ಸ್ವಲ್ಪ ಉದ್ದ ಮಾಡಿ ಹೊಸ ಸ್ವಿಚ್ ತಂದರು, ಆದರೆ ಭಾಗದ ನಂಬರ್ ಬದಲಿಸಲಿಲ್ಲ. ಹಳೆಯದೂ ಅದೇ ನಂಬರ್, ಹೊಸದೂ ಅದೇ ನಂಬರ್. ಅಪಘಾತ ತನಿಖೆ ಮಾಡುವ ಕಂಪನಿಯ ಇಂಜಿನಿಯರ್‌ಗಳಿಗೇ, ಹೊಸ ಕಾರುಗಳಲ್ಲಿ ತೊಂದರೆ ಯಾಕಿಲ್ಲ ಎಂದು ವರ್ಷಗಟ್ಟಲೆ ಅರ್ಥವಾಗಲಿಲ್ಲ. ಕೊನೆಗೆ ಕಂಡುಹಿಡಿದದ್ದು ಹೊರಗಿನವರು. ಜಾರ್ಜಿಯಾ ರಾಜ್ಯದಲ್ಲಿ ಮಗಳನ್ನು ಕಳೆದುಕೊಂಡ ಒಂದು ಕುಟುಂಬ ಹೂಡಿದ ದಾವೆಯಲ್ಲಿ, ಅವರ ಪರವಾಗಿದ್ದ ತಜ್ಞರು ಎರಡು ಸ್ವಿಚ್‌ಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟರು. ಒಂದರ ಕಡ್ಡಿ ಇನ್ನೊಂದಕ್ಕಿಂತ ಒಂದೂವರೆ ಮಿಲಿಮೀಟರ್‌ನಷ್ಟು ಉದ್ದ. ನಂಬರ್ ಒಂದೇ.

2014ರಲ್ಲಿ 26 ಲಕ್ಷ ಕಾರು ವಾಪಸ್ ಕರೆಸಿದರು. ಪರಿಹಾರ ನಿಧಿ 124 ಸಾವುಗಳಿಗೆ ಪರಿಹಾರ ಒಪ್ಪಿಕೊಂಡಿತು. ಮಾರನೇ ವರ್ಷ 90 ಕೋಟಿ ಡಾಲರ್ ದಂಡ ಕಟ್ಟಿದರು. ಕಂಪನಿಯೇ ನೇಮಿಸಿದ ವಕೀಲರ ವರದಿಯಲ್ಲಿ ‘ಜಿಎಂ ನಾಡ್’ ಎಂಬ ಮಾತು ಬರುತ್ತದೆ. ಮೀಟಿಂಗ್‌ನಲ್ಲಿ ಎಲ್ಲರೂ ಹೌದು ಎಂದು ತಲೆಯಾಡಿಸುತ್ತಾರೆ, ಎದ್ದು ಹೋಗುತ್ತಾರೆ, ಯಾರೂ ಮಾಡುವುದಿಲ್ಲ. ಫ್ರೀಮಾಂಟ್‌ನ ಹಗ್ಗ ನೆನಪಾಯಿತಾ? ಸ್ವಿಚ್ ವಿಷಯದಲ್ಲಿ ಎಳೆಯಲು ಹಗ್ಗವಿರಲಿಲ್ಲ.

ಪ್ರಶ್ನೆ: ಈಗ ಹೇಗಿದೆ?

ಉತ್ತರ: ಮೊದಲಿಗಿಂತ ಚಿಕ್ಕದು, ಆದರೆ ಆರೋಗ್ಯವಾಗಿದೆ. 2014ರ ಜನವರಿಯಿಂದ ಮುಖ್ಯಸ್ಥೆ ಮೇರಿ ಬಾರಾ. ತಂದೆ ಪಾಂಟಿಯಾಕ್ ಕಾರ್ಖಾನೆಯಲ್ಲಿ ಡೈ, ಅಂದರೆ ಲೋಹದ ಅಚ್ಚು, ಮಾಡುವವರು. ಇವರು ಹದಿನೆಂಟನೇ ವಯಸ್ಸಿಗೆ ಕಾರಿನ ಬಾನೆಟ್, ಮಡ್‌ಗಾರ್ಡ್ ತಪಾಸಣೆ ಮಾಡುವ ಕೆಲಸದಿಂದ ಶುರು ಮಾಡಿದವರು. ಕುರ್ಚಿಯಲ್ಲಿ ಕೂತ ಒಂದೇ ತಿಂಗಳಿಗೆ ಸ್ವಿಚ್ ಹಗರಣ ತಲೆಯ ಮೇಲೆ ಬಿತ್ತು. 1929ರಿಂದ ಕೈಯಲ್ಲಿದ್ದ ಜರ್ಮನಿಯ ಓಪೆಲ್ ಅನ್ನು 2017ರಲ್ಲಿ ಮಾರಿದರು. ಚಾಲಕರಿಲ್ಲದ ಟ್ಯಾಕ್ಸಿಗಾಗಿ ಕ್ರೂಸ್ ಎಂಬ ಕಂಪನಿ ಕೊಂಡು ಅಪಾರ ಹಣ ಹಾಕಿ, 2024ರ ಡಿಸೆಂಬರಿನಲ್ಲಿ ಆ ಟ್ಯಾಕ್ಸಿ ಯೋಜನೆ ಕೈಬಿಟ್ಟರು. 2021ರಲ್ಲಿ ಅಮೆರಿಕದೊಳಗೇ ಟೊಯೋಟಾ ಮುಂದೆ ಹೋಯಿತು, ಮಾರನೇ ವರ್ಷ ಜಿಎಂ ಮೊದಲ ಸ್ಥಾನ ವಾಪಸ್ ಪಡೆಯಿತು.

ಪ್ರಶ್ನೆ: ಇದೆಲ್ಲ ಶುರುವಾದ ಫ್ಲಿಂಟ್ ಊರು ಏನಾಯಿತು?

ಉತ್ತರ: 1960ರಲ್ಲಿ ಫ್ಲಿಂಟ್‌ನಲ್ಲಿ ಎರಡು ಲಕ್ಷದ ಹತ್ತಿರ ಜನರಿದ್ದರು. 2020ರ ಜನಗಣತಿಯಲ್ಲಿ ಸುಮಾರು 81,000. ಒಂದು ಕಾಲಕ್ಕೆ ಆ ಊರು ಮತ್ತು ಸುತ್ತಮುತ್ತ ಸುಮಾರು 80,000 ಜನರಿಗೆ ಜಿಎಂ ಕೆಲಸವಿತ್ತು. ಹಳೆಯ ಬ್ಯೂಕ್ ಕಾರ್ಖಾನೆಗಳಿದ್ದ ಕಡೆ ಎಕರೆಗಟ್ಟಲೆ ಬರೀ ಕಾಂಕ್ರೀಟ್ ನೆಲ.

2014ರ ಏಪ್ರಿಲ್‌ನಲ್ಲಿ, ಖರ್ಚು ಉಳಿಸಲು ಊರಿನ ನೀರನ್ನು ಫ್ಲಿಂಟ್ ನದಿಗೆ ಬದಲಾಯಿಸಿದರು. ನೀರು ಕಂದು ಬಣ್ಣಕ್ಕೆ ಬಂತು, ವಾಸನೆ ಬಂತು, ಮೈಮೇಲೆ ದದ್ದು ಎದ್ದವು. ಜನ ಬಾಟಲಿಗಳಲ್ಲಿ ನೀರು ಹಿಡಿದುಕೊಂಡು ಸಭೆಗಳಿಗೆ ಹೋಗಿ ತೋರಿಸಿದರು. ನೀರು ಚೆನ್ನಾಗಿದೆ ಎಂದು ಅಧಿಕಾರಿಗಳು ಹೇಳುತ್ತಲೇ ಇದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಲ್ಲಿಯ ಜಿಎಂ ಇಂಜಿನ್ ಕಾರ್ಖಾನೆ, ಆ ನೀರಿನಿಂದ ಇಂಜಿನ್ ಭಾಗಗಳಿಗೆ ತುಕ್ಕು ಹಿಡಿಯುತ್ತಿದೆ ಎಂದು ಹೇಳಿ ಬೇರೆ ನೀರು ತೆಗೆದುಕೊಂಡಿತು. ಊರಿನ ಜನರಿಗೆ ನೀರು ಬದಲಾಗಲು ಇನ್ನೂ ಒಂದು ವರ್ಷ ಹಿಡಿಯಿತು. ಅಷ್ಟರಲ್ಲಿ ಪೈಪುಗಳ ಸೀಸ ಮಕ್ಕಳ ರಕ್ತ ಸೇರಿತ್ತು.

ಫ್ಲಿಂಟ್ ಅಸೆಂಬ್ಲಿ ಎಂಬ ಕಾರ್ಖಾನೆ ಇನ್ನೂ ಇದೆ, 1947ರಲ್ಲಿ ತೆರೆದದ್ದು. ಷೆವರ್ಲೆ ಸಿಲ್ವೆರಾಡೊ ದೊಡ್ಡ ಟ್ರಕ್‌ಗಳು ಇವತ್ತಿಗೂ ಅಲ್ಲಿಂದ ಹೊರಬರುತ್ತವೆ.